ಮಲಗಿದ ಗ್ರಂಥಿ ಏಳುವ ತನಕ

ಶಿವಾಜಿನಗರದ ಬಸ್ ನಿಲ್ದಾಣದಿಂದ ಬೌರಿಂಗ್ ಆಸ್ಪತ್ರೆಯ ಕಡೆ ಹೆಜ್ಜೆ ಹಾಕಿದರೆ ಕನ್ನಡ, ತಮಿಳು, ಉರ್ದು, ತೆಲುಗು ನಾಲ್ಕೂ ಒಟ್ಟಿಗೆ ಕಿವಿಗೆ ಬೀಳುತ್ತವೆ. ಔಷಧದ ಅಂಗಡಿಯ ಮುಂದೆ ಮಾತ್ರ ಒಂದು ಪದ ನಾಲ್ಕರಲ್ಲೂ ಒಂದೇ: ಸ್ಟಿರಾಯ್ಡ್. ಆ ಪದ ಬಂದಾಗ ದನಿ ತಗ್ಗುವುದೂ ನಾಲ್ಕರಲ್ಲೂ ಒಂದೇ.

ಈ ಭಯ ಸುಮ್ಮನೆ ಹುಟ್ಟಿದ್ದಲ್ಲ. 2021ರ ಮೇ ತಿಂಗಳಲ್ಲಿ, ಕೋವಿಡ್‌ನ ಎರಡನೆಯ ಅಲೆಯ ಬೆನ್ನಿಗೇ ಕಪ್ಪು ಶಿಲೀಂಧ್ರ ರೋಗ ಬಂದಾಗ, ಬೆಂಗಳೂರಿನಲ್ಲಿ ಅದರ ಚಿಕಿತ್ಸೆಗೆಂದು ಸರ್ಕಾರ ಗೊತ್ತುಮಾಡಿದ್ದು ಇದೇ ಬೌರಿಂಗ್ ಆಸ್ಪತ್ರೆಯನ್ನು. ಹತೋಟಿ ತಪ್ಪಿದ ಸಕ್ಕರೆ ಕಾಯಿಲೆಯ ಜೊತೆಗೆ ಅಗತ್ಯಕ್ಕಿಂತ ಹೆಚ್ಚು ಸ್ಟಿರಾಯ್ಡ್ ಮೈಗೆ ಸೇರಿದವರಲ್ಲಿ ಆ ಶಿಲೀಂಧ್ರ ಮೂಗಿನಿಂದ ಕಣ್ಣಿಗೆ, ಕಣ್ಣಿನಿಂದ ಮಿದುಳಿಗೆ ಹಬ್ಬುತ್ತಿತ್ತು. ಜೀವ ಉಳಿಸಲು ಕಣ್ಣನ್ನೇ ತೆಗೆಸಿಕೊಂಡವರಿದ್ದರು. ಅದಕ್ಕೆ ಒಂದು ವರ್ಷ ಹಿಂದೆ, 2020ರ ಜೂನ್‌ನಲ್ಲಿ, ಬ್ರಿಟನ್ನಿನ ‘ರಿಕವರಿ’ ಪ್ರಯೋಗ ಹೇಳಿದ್ದು ಬೇರೆಯೇ ಮಾತು. ದಿನಕ್ಕೆ 6 ಮಿಲಿಗ್ರಾಂ ಡೆಕ್ಸಾಮೆಥಾಸೋನ್ ಅನ್ನು ಹೆಚ್ಚೆಂದರೆ 10 ದಿನ ಕೊಟ್ಟಾಗ, ಕೃತಕ ಉಸಿರಾಟದ ಯಂತ್ರದ ಆಸರೆಯಲ್ಲಿದ್ದ ರೋಗಿಗಳ ಸಾವು ಸುಮಾರು ಮೂರನೆಯ ಒಂದು ಪಾಲು ತಗ್ಗಿತ್ತು. ಮದ್ದು ಒಂದೇ. ಯಾರಿಗೆ, ಎಷ್ಟು, ಎಷ್ಟು ದಿನ ಎಂಬುದರಲ್ಲಿ ಮಾತ್ರ ವ್ಯತ್ಯಾಸ.

10 ದಿನದ ಮದ್ದನ್ನು ನಿಲ್ಲಿಸುವುದು ದೊಡ್ಡ ಮಾತಲ್ಲ. ತಿಂಗಳುಗಟ್ಟಲೆ ನುಂಗಿದವರ ಪಾಡು ಬೇರೆ. ಕೃಷ್ಣರಾಜಪುರದಿಂದ ಬಸ್ಸು ಹಿಡಿದು ಬರುವ, 45ರ ಆಸುಪಾಸಿನ ಒಬ್ಬ ಗೃಹಿಣಿಯನ್ನು ಊಹಿಸಿಕೊಳ್ಳಿ. ಆಕೆಗೆ ರುಮಟಾಯ್ಡ್ ಸಂಧಿವಾತ. ರೋಗಾಣುಗಳ ಮೇಲೆ ಹೋಗಬೇಕಾದ ದೇಹದ ರಕ್ಷಣಾಪಡೆ ತನ್ನದೇ ಕೀಲುಗಳ ಮೇಲೆ ತಿರುಗಿಬೀಳುವ ಕಾಯಿಲೆ ಇದು. ಬೆಳಿಗ್ಗೆ ಎದ್ದಾಗ ಬೆರಳು ಮಡಚಲಾಗದು, ಬಟ್ಟೆ ಹಿಂಡಲಾಗದು, ಹಾಲಿನ ಪಾತ್ರೆಯನ್ನು ಒಲೆಯಿಂದ ಇಳಿಸಲಾಗದು. ವೈದ್ಯರು ಪ್ರೆಡ್ನಿಸೊಲೋನ್ ಬರೆದುಕೊಟ್ಟರು. ಮೂರ‍್ನಾಲ್ಕು ದಿನದಲ್ಲಿ ಆಕೆ ತಾನೇ ಚಪಾತಿ ಲಟ್ಟಿಸಿದಳು. ಮೂರು ತಿಂಗಳಲ್ಲಿ ಮುಖ ದುಂಡಗಾಯಿತು.

ಆಗ ಪಕ್ಕದ ಮನೆಯಾಕೆ ಹೇಳುತ್ತಾಳೆ: “ಅಲ್ಲಾ ಅಕ್ಕಾ, ಮುಖ ಯಾಕೆ ಹಿಂಗೆ ಊದ್ಕೊಂಡಿದೆ? ಸ್ಟಿರಾಯ್ಡ್ ಕೊಟ್ಟಿರ್ತಾರೆ ನೋಡಿ. ಇವತ್ತೇ ನಿಲ್ಲಿಸ್ಬಿಡಿ, ಕಿಡ್ನಿ ಹೋಗತ್ತೆ.”

ಕಿಡ್ನಿಯ ಮಾತು ನಿಜವಲ್ಲ. ಮಕ್ಕಳಿಗೆ ಬರುವ ನೆಫ್ರೋಟಿಕ್ ಸಿಂಡ್ರೋಮ್ ಎಂಬ ಕಿಡ್ನಿ ಕಾಯಿಲೆಗೆ ಮೊದಲು ಕೊಡುವ ಮದ್ದೇ ಇದು. ಕಾಳಜಿ ಮಾಡಬೇಕಾದದ್ದು ಕಿಡ್ನಿಯ ನೆತ್ತಿಯ ಮೇಲೆ ಟೋಪಿಯಂತೆ ಕುಳಿತ ಅಡ್ರಿನಲ್ ಗ್ರಂಥಿಯ ಬಗ್ಗೆ. ಎರಡು ಕಿಡ್ನಿಗೆ ಎರಡು ಗ್ರಂಥಿ, ಒಂದೊಂದರ ತೂಕ ನಾಲ್ಕೈದು ಗ್ರಾಂ. ರಕ್ತದೊತ್ತಡ ಬೀಳದಂತೆ, ಸಕ್ಕರೆ ತೀರ ಇಳಿಯದಂತೆ, ಜ್ವರ ಪೆಟ್ಟುಗಳನ್ನು ಮೈ ತಾಳಿಕೊಳ್ಳುವಂತೆ ಮಾಡುವ ಕಾರ್ಟಿಸಾಲ್ ಇಲ್ಲಿ ತಯಾರಾಗುತ್ತದೆ. ದೇಹ ದಿನವೂ ತಯಾರಿಸುವ ಕಾರ್ಟಿಸಾಲ್ ಸುಮಾರು 5 ಮಿಲಿಗ್ರಾಂ ಪ್ರೆಡ್ನಿಸೊಲೋನ್‌ಗೆ ಸಮ. ಅದು ಏರುವುದು ಬೆಳಗಿನ ಜಾವ. ಗುಳಿಗೆಯನ್ನು ಬೆಳಿಗ್ಗೆ ತಿಂಡಿಯಾದ ಮೇಲೆ ನುಂಗಿ ಎನ್ನುವುದೂ ಅದಕ್ಕೇ.

ಕಾರ್ಟಿಸಾಲ್ ಎಷ್ಟು ಬೇಕೆಂದು ಲೆಕ್ಕ ಇಡುವುದು ಮಿದುಳಿನ ಬುಡದ ಪಿಟ್ಯುಟರಿ ಗ್ರಂಥಿ. ಇಂದಿರಾನಗರದ ಎಷ್ಟೋ ಮನೆಗಳಲ್ಲಿ ಮೇಲಿನ ತೊಟ್ಟಿ ತುಂಬಿದ ಕೂಡಲೇ ಕೊಳವೆಬಾವಿಯ ಮೋಟಾರ್ ತಾನಾಗಿ ನಿಲ್ಲುವ ಏರ್ಪಾಡಿದೆಯಲ್ಲ, ಇದೂ ಹಾಗೆಯೇ. ಹೊರಗಿನಿಂದ ದಿನವೂ ಟ್ಯಾಂಕರ್ ನೀರು ಬಂದು ತೊಟ್ಟಿ ತುಂಬುತ್ತಿದ್ದರೆ ಮೋಟಾರ್‌ಗೆ ಕೆಲಸವೇ ಇಲ್ಲ. ತಿಂಗಳುಗಟ್ಟಲೆ ಓಡದ ಮೋಟಾರ್ ಹಿಡಿದುಕೊಳ್ಳುತ್ತದೆ. ಒಂದು ದಿನ ಟ್ಯಾಂಕರ್ ಬರಲಿಲ್ಲವೆನ್ನಿ, ಗುಂಡಿ ಒತ್ತಿದರೂ ನೀರಿಲ್ಲ. ಸ್ಟಿರಾಯ್ಡ್ ಮೂರ‍್ನಾಲ್ಕು ವಾರ ದಾಟಿತೆಂದರೆ ಗ್ರಂಥಿ ಹೀಗೆ ಮಲಗಿರಬಹುದು ಎಂದೇ ವೈದ್ಯರು ಎಣಿಸುತ್ತಾರೆ. ಪಕ್ಕದ ಮನೆಯ ಮಾತು ಕೇಳಿ ಗುಳಿಗೆ ಬಿಟ್ಟಾಕೆಗೆ ಎರಡು ಮೂರು ದಿನದಲ್ಲಿ ಸುಸ್ತು, ವಾಂತಿ, ಎದ್ದು ನಿಂತರೆ ತಲೆ ಸುತ್ತು ಬರಬಹುದು. ರಕ್ತದೊತ್ತಡ ಕುಸಿದರೆ ಪ್ರಾಣಕ್ಕೇ ಸಂಚಕಾರ.

ಇದು ವೈದ್ಯರಿಗೂ ಮೊದಲು ಗೊತ್ತಿರಲಿಲ್ಲ. 1948ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಮೇಯೋ ಕ್ಲಿನಿಕ್‌ನ ಫಿಲಿಪ್ ಹೆಂಚ್, ಸಂಧಿವಾತದಿಂದ ಹಾಸಿಗೆ ಹಿಡಿದಿದ್ದ 29 ವರ್ಷದ ಮಹಿಳೆಗೆ ಕಾರ್ಟಿಸೋನ್ ಚುಚ್ಚಿದಾಗ, ಆಕೆ ಕೆಲವೇ ದಿನಗಳಲ್ಲಿ ಎದ್ದು ನಡೆದಳು. 1950ರಲ್ಲಿ ಹೆಂಚ್, ಎಡ್ವರ್ಡ್ ಕೆಂಡಾಲ್ ಮತ್ತು ತದೇವುಸ್ ರೈಖ್‌ಸ್ಟೈನ್ ಅವರಿಗೆ ನೊಬೆಲ್ ಪಾರಿತೋಷಕ ಬಂತು. ಆದರೆ ಮದ್ದು ನಿಲ್ಲಿಸಿದರೆ ನೋವು ಮರಳುವುದನ್ನು ಹೆಂಚ್ ಆಗಲೇ ಕಂಡಿದ್ದರು. 1952ರಲ್ಲಿ ಇನ್ನೂ ಕಹಿಯಾದ ವರದಿ ಬಂತು. ಸಂಧಿವಾತಕ್ಕೆ ಕಾರ್ಟಿಸೋನ್ ತೆಗೆದುಕೊಂಡಿದ್ದ ರೋಗಿಯೊಬ್ಬ ಸೊಂಟದ ಕೀಲಿನ ಶಸ್ತ್ರಚಿಕಿತ್ಸೆಯ ನಂತರ ರಕ್ತದೊತ್ತಡ ಕುಸಿದು ತೀರಿಕೊಂಡಿದ್ದ. ಶವಪರೀಕ್ಷೆಯಲ್ಲಿ ನೋಡಿದರೆ ಅಡ್ರಿನಲ್ ಗ್ರಂಥಿಗಳು ಸೊರಗಿಹೋಗಿದ್ದವು. ನೊಬೆಲ್ ಬಂದ ಎರಡೇ ವರ್ಷಕ್ಕೆ!

ಹಾಗಾಗಿಯೇ ಮದ್ದನ್ನು ಮೆಟ್ಟಿಲಿಳಿದಂತೆ ಇಳಿಸುವುದು. ಮೇಲಿನ ಮೆಟ್ಟಿಲುಗಳನ್ನು ಬೇಗ ಇಳಿಯಬಹುದು; ರೋಗ ಸುಮ್ಮನಿದ್ದರೆ 40ರಿಂದ 30, 20 ಮಿಲಿಗ್ರಾಂ ಎಂದು ವಾರಗಳ ಲೆಕ್ಕ. 10ರ ಕೆಳಗೆ ಬಂದಾಗ ವೈದ್ಯರು ಕೈ ಬಿಗಿ ಹಿಡಿಯುತ್ತಾರೆ. 5ರ ಹತ್ತಿರವಂತೂ ತಿಂಗಳಿಗೆ ಒಂದು ಮಿಲಿಗ್ರಾಂ ಇಳಿದರೆ ಅದೇ ಹೆಚ್ಚು. “ಇಷ್ಟು ದೊಡ್ಡ ಡೋಸು ಸಲೀಸಾಗಿ ಇಳಿಸಿದ್ದಾಯ್ತು, ಈ ಚೂರಿಗೆ ಯಾಕಿಷ್ಟು ತಡ?” ಎಂದು ಮನೆಯವರು ಗೊಣಗುತ್ತಾರೆ. ಆದರೆ ದೇಹದ ಸ್ವಂತ ಉತ್ಪಾದನೆಗೆ ಸಮನಾದ ಅಳತೆಯೇ ಅದು. ಅದರ ಕೆಳಗೆ ಇಳಿದ ಪ್ರತಿ ಚೂರನ್ನೂ ಗ್ರಂಥಿ ತಾನೇ ತುಂಬಿಕೊಡಬೇಕು.

ಈ ಹಂತದಲ್ಲಿ ಎರಡು ಬೇರೆ ಬೇರೆ ಪರೀಕ್ಷೆಗಳು ಒಟ್ಟಿಗೆ ನಡೆಯುತ್ತಿರುತ್ತವೆ. ರೋಗ ಮಲಗಿದೆಯೇ ಎಂಬುದು ಒಂದು. ಗ್ರಂಥಿ ಎದ್ದಿದೆಯೇ ಎಂಬುದು ಇನ್ನೊಂದು. ಒಂದರಲ್ಲಿ ಪಾಸಾಗಿ ಇನ್ನೊಂದರಲ್ಲಿ ನಪಾಸಾಗುವುದು ಸಾಮಾನ್ಯ. ತೊಡಕೆಂದರೆ ಎರಡೂ ನಪಾಸುಗಳು ನೋಡಲು ಒಂದೇ ತರಹ. ಡೋಸು ಇಳಿಸಿದ ಮೊದಲ ವಾರ ಮೈಕೈ ನೋವು, ಸುಸ್ತು ಬಂದರೆ “ಕಾಯಿಲೆ ಮತ್ತೆ ಬಂತು” ಎಂದು ರೋಗಿ ಹಳೆಯ ಡೋಸಿಗೆ ತಾನೇ ಹತ್ತಿಬಿಡುತ್ತಾರೆ. ಕೀಲು ಬಾತಿದ್ದರೆ, ಬೆಳಗಿನ ಬಿಗಿತ ಗಂಟೆಗಟ್ಟಲೆ ಬಿಡದಿದ್ದರೆ, ರಕ್ತದಲ್ಲಿ ಉರಿಯೂತದ ಗುರುತು ಏರಿದ್ದರೆ ರೋಗ ಎದ್ದಿದೆ. ಬಾವು ಇಲ್ಲದೆ ಬರೀ ನೋವು, ನಿತ್ರಾಣ ಇದ್ದರೆ ಅದು ಮದ್ದಿನ ಇಳಿತದ ನೋವು ಇರಬಹುದು. ಅದೇ ಮೆಟ್ಟಿಲಲ್ಲಿ ಇನ್ನಷ್ಟು ದಿನ ನಿಂತರೆ ಎಷ್ಟೋ ಸಲ ತಣ್ಣಗಾಗುತ್ತದೆ. ಗ್ರಂಥಿಯ ಬಗ್ಗೆ ಅನುಮಾನವಿದ್ದರೆ ಬೆಳಿಗ್ಗೆ 8ರ ಸುಮಾರಿಗೆ ರಕ್ತ ತೆಗೆದು ಕಾರ್ಟಿಸಾಲ್ ಅಳೆಯುತ್ತಾರೆ. ಯಾವುದು ಯಾವ ನೋವೆಂದು ಮನೆಯಲ್ಲಿ ಕುಳಿತು ತೀರ್ಮಾನಿಸುವಂತಿಲ್ಲ.

ಆಸೆಗೆ ಆಧಾರ ಇದೆಯೇ? 2020ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಸಂಧಿವಾತದ 259 ರೋಗಿಗಳಿದ್ದರು. ಎಲ್ಲರೂ ಟೊಸಿಲಿಜುಮಾಬ್ ಎಂಬ ಬೇರೆ ಮದ್ದಿನ ಜೊತೆ 5 ಮಿಲಿಗ್ರಾಂ ಸ್ಟಿರಾಯ್ಡ್ ಮೇಲಿದ್ದವರು. ಒಂದು ಗುಂಪು ಅದನ್ನೇ ಮುಂದುವರಿಸಿತು, ಇನ್ನೊಂದು ಗುಂಪು 16 ವಾರಗಳಲ್ಲಿ ಸೊನ್ನೆಗೆ ಇಳಿಯಿತು. 24 ವಾರಗಳ ಕೊನೆಗೆ, ರೋಗ ಕೆರಳದೆ ಹತೋಟಿಯಲ್ಲೇ ಉಳಿದವರು ಮೊದಲ ಗುಂಪಿನಲ್ಲಿ ನೂರಕ್ಕೆ 77, ಎರಡನೆಯದರಲ್ಲಿ 65. ಮುಂದುವರಿಸಿದವರಿಗೆ ಸ್ವಲ್ಪ ಮೇಲುಗೈ, ನಿಜ. ಬಿಟ್ಟವರಲ್ಲೂ ಮೂರರಲ್ಲಿ ಇಬ್ಬರು ಗೆದ್ದರು ಎಂದೂ ಅದನ್ನೇ ಓದಬಹುದು.

ಆದರೆ ಅವರು ಬರಿಗೈಯಲ್ಲಿ ಇಳಿಯಲಿಲ್ಲ ಎಂಬುದನ್ನು ಮರೆಯಬಾರದು. ಸ್ಟಿರಾಯ್ಡ್ ಬೆಂಕಿಗೆ ನೀರು ಹಾಕುತ್ತದೆ. ಬೆಂಕಿ ಮತ್ತೆ ಹೊತ್ತದಂತೆ ಕಾಯುವುದು ಮೆಥೊಟ್ರೆಕ್ಸೇಟ್, ಸಲ್ಫಾಸಲಜಿನ್‌ನಂಥ ನಿಧಾನದ ಮದ್ದುಗಳು; ಅವು ಹತ್ತಲು ವಾರಗಟ್ಟಲೆ ಬೇಕು. (ಮೆಥೊಟ್ರೆಕ್ಸೇಟ್ ವಾರಕ್ಕೊಮ್ಮೆ ಮಾತ್ರ ನುಂಗುವ ಗುಳಿಗೆ. ದಿನವೂ ನುಂಗಿ ಪ್ರಾಣ ಕಳೆದುಕೊಂಡವರಿದ್ದಾರೆ. ವಾರದ ಹೆಸರನ್ನು ಚೀಟಿಯ ಮೇಲೆ ದೊಡ್ಡದಾಗಿ ಬರೆಸಿಕೊಳ್ಳಬೇಕು.) ಎರಡನೆಯ ಮದ್ದನ್ನು ತಪ್ಪಿಸಿ, ನೋವು ಬೇಗ ಹೋಗುತ್ತದೆಂದು ಬರೀ ಸ್ಟಿರಾಯ್ಡ್ ಅನ್ನೇ ಅಂಗಡಿಯಲ್ಲಿ ಮತ್ತೆ ಮತ್ತೆ ಕೊಂಡವರಿಗೆ ಮೂಳೆ ಟೊಳ್ಳಾಗುವುದು, ಸಕ್ಕರೆ ಏರುವುದು, ಕಣ್ಣಿಗೆ ಪೊರೆ ಬರುವುದು ಒಂದೊಂದಾಗಿ ಶುರುವಾಗುತ್ತದೆ. ಉಪಶಮನ ಎಂದರೆ ಗುಣವಾಯಿತು ಎಂದಲ್ಲ. ರೋಗ ಒಳಗೇ ಇದೆ, ಸದ್ದು ಮಾಡುತ್ತಿಲ್ಲ, ಅಷ್ಟೆ. ಪಾತ್ರೆ ಇಳಿಸಲಾಗದೆ ಅತ್ತವರಿಗೆ ಆ ‘ಅಷ್ಟೆ’ ಸಣ್ಣದಲ್ಲ.

ಸೊನ್ನೆ ಮುಟ್ಟಿದ ಮೇಲೂ ಗ್ರಂಥಿ ಪೂರ್ತಿ ಎಚ್ಚರಗೊಳ್ಳಲು ಕೆಲವರಲ್ಲಿ ಒಂದು ವರ್ಷ, ಅದಕ್ಕೂ ಹೆಚ್ಚು ಹಿಡಿಯುತ್ತದೆ. ಅಷ್ಟರಲ್ಲಿ ತೀವ್ರ ಜ್ವರವೋ, ಅಪಘಾತವೋ, ಶಸ್ತ್ರಚಿಕಿತ್ಸೆಯೋ ಬಂದರೆ ತಾತ್ಕಾಲಿಕವಾಗಿ ಸ್ಟಿರಾಯ್ಡ್ ಕೊಡಬೇಕಾಗಬಹುದು. ಅದಕ್ಕೆ ಕೃಷ್ಣರಾಜಪುರದ ಆಕೆಯ ಪರ್ಸಿನಲ್ಲಿ, ಆಧಾರ್ ಕಾರ್ಡಿನ ಹಿಂದೆ, ವೈದ್ಯರು ಬರೆದುಕೊಟ್ಟ ಒಂದು ಸಣ್ಣ ಚೀಟಿ ಇದೆ. ಯಾವ ಮದ್ದು, ಎಷ್ಟು ತಿಂಗಳು, ಯಾವ ದಿನ ನಿಲ್ಲಿಸಿದ್ದು ಎಂದು ಅದರಲ್ಲಿದೆ. ಮಗಳಿಗೂ ಅದು ಎಲ್ಲಿದೆಯೆಂದು ಗೊತ್ತು.