ಹೆಸರು ಮೂವತ್ತೆಂಟು, ಅಳತೆ ಬೇರೆ

ಮೈಸೂರಿನ ಉದಯಗಿರಿಯ ಒಂದು ಮನೆಯಲ್ಲಿ ನಲ್ಲಿ ರಿಪೇರಿ ನಡೆದಿದೆ ಎನ್ನಿ. ಅಂಗಡಿಯಿಂದ ‘ಅರ್ಧ ಇಂಚಿನ’ ಕಬ್ಬಿಣದ ಪೈಪು ಬಂದಿದೆ. ಪ್ರಥಮ ಪಿಯುಸಿ ಓದುವ ಮಗಳು ಪಕ್ಕದ ಲೇತ್ ಅಂಗಡಿಯಿಂದ ವರ್ನಿಯರ್ ಕ್ಯಾಲಿಪರ್ ತಂದು ಅಳೆಯುತ್ತಾಳೆ. ಅರ್ಧ ಇಂಚೆಂದರೆ 12.7 ಮಿ.ಮೀ. ಪೈಪಿನ ಒಳವ್ಯಾಸವೋ ಸುಮಾರು 16 ಮಿ.ಮೀ., ಹೊರವ್ಯಾಸ 21 ಮಿ.ಮೀ.ಗೂ ಹೆಚ್ಚು! ಅಂಗಡಿಯವರು ಮೋಸ ಮಾಡಿದರೆ ಎಂದು ಅಪ್ಪ ಕೇಳುತ್ತಾರೆ. ಮೋಸವೇನಿಲ್ಲ. ಹಿಂದಿನ ಪೈಪುಗಳು ದಪ್ಪವಾಗಿದ್ದವು, ಒಳಗೆ ಸುಮಾರು ಅರ್ಧ ಇಂಚೇ ಇತ್ತು. ಈಗ ಪೈಪು ತೆಳುವಾಗಿದೆ, ಹಳೆಯ ಹೆಸರು ಮಾತ್ರ ಉಳಿದಿದೆ.

ಇಂಥದೇ ಕಥೆ ರಿವಾಲ್ವರಿನ ಗುಂಡಿನದು. ‘.38’ ಎಂದು ಹೆಸರಾದ ಗುಂಡಿನ ವ್ಯಾಸ 0.38 ಇಂಚು ಇರಬೇಕಲ್ಲವೆ? ಅಳೆದರೆ ಸಿಗುವುದು ಸುಮಾರು 0.357 ಇಂಚು, ಅಂದರೆ 9.07 ಮಿ.ಮೀ. ಹತ್ತೊಂಬತ್ತನೆಯ ಶತಮಾನದ ಕಾಡತೂಸುಗಳಲ್ಲಿ ಸೀಸದ ಗುಂಡು ಹಿತ್ತಾಳೆಯ ಚಿಪ್ಪಿನಷ್ಟೇ ದಪ್ಪವಿತ್ತು. ಅದರ ಸಣ್ಣ ಹಿಮ್ಮಡಿ ಮಾತ್ರ ಚಿಪ್ಪಿನೊಳಗೆ ಕೂರುತ್ತಿತ್ತು. ಮುಂದೆ ಇಡೀ ಗುಂಡನ್ನೇ ಚಿಪ್ಪಿನೊಳಗೆ ಕೂರಿಸುವ ಪದ್ಧತಿ ಬಂದಾಗ ಗುಂಡು ತೆಳ್ಳಗಾಯಿತು, ಹೆಸರು ಹಾಗೇ ನಿಂತಿತು. 1935ರಲ್ಲಿ ಬಂದ ‘.357 ಮ್ಯಾಗ್ನಂ’ ಮಾತ್ರ ನಿಜವಾದ ಅಳತೆಯನ್ನೇ ಹೆಸರಾಗಿಸಿಕೊಂಡಿತು. ಭಾರತದಲ್ಲಿ ಪರಿಚಿತವಾದ .32 ರಿವಾಲ್ವರಿನ ಗುಂಡೂ ಅಳೆದರೆ 0.31 ಇಂಚಿನ ಆಸುಪಾಸಿನದೇ.

ಅಮೆರಿಕದಂಥ ದೇಶಗಳಲ್ಲಿ ಕಾಡತೂಸನ್ನು ತಾವೇ ತುಂಬಿಕೊಳ್ಳುವ ಹವ್ಯಾಸಿಗಳಿದ್ದಾರೆ. ಅವರು ಹೆಸರನ್ನು ನಂಬುವುದಿಲ್ಲ, ಅಳೆಯುತ್ತಾರೆ. ಕಾರಣವಿದೆ. ನಳಿಕೆಯ ಒಳಗೋಡೆಯಲ್ಲಿ ಸುರುಳಿಯಾಕಾರದ ತೋಡುಗಳಿರುತ್ತವೆ. ಅವು ಗುಂಡನ್ನು ಗಿರ್ರನೆ ತಿರುಗಿಸಿ ನೇರವಾಗಿ ಹಾರಿಸುತ್ತವೆ. ಗುಂಡು ಸಣ್ಣದಾದರೆ ಬಿಸಿ ಅನಿಲ ಪಕ್ಕದಿಂದ ನುಸುಳಿ, ಗುರಿ ತಪ್ಪುತ್ತದೆ, ನಳಿಕೆಗೆ ಸೀಸ ಮೆತ್ತುತ್ತದೆ. ತೀರಾ ದೊಡ್ಡದಾದರೆ ಒತ್ತಡ ಅಪಾಯದ ಮಟ್ಟಕ್ಕೇರುತ್ತದೆ. ಸೀಸದ ಗುಂಡು ತೋಡಿನ ವ್ಯಾಸಕ್ಕಿಂತ ಇಂಚಿನ ಸಾವಿರದಲ್ಲಿ ಒಂದು ಪಾಲಿನಷ್ಟು ಹೆಚ್ಚಿರುವುದು ವಾಡಿಕೆ. ಆ ಒಂದು ಪಾಲೆಂದರೆ 0.025 ಮಿ.ಮೀ. ಪ್ರಯೋಗಾಲಯದ 0.1 ಮಿ.ಮೀ. ವರ್ನಿಯರಿಗೆ ಅದು ಕಾಣದು. ಅದಕ್ಕೆ 0.01 ಮಿ.ಮೀ.ವರೆಗೆ ಓದಬಲ್ಲ ಸ್ಕ್ರೂಗೇಜೇ ಬೇಕು.

ಇಲ್ಲೊಂದು ಜಾಣ ಪ್ರಶ್ನೆ. ಸ್ಮಿತ್ ಅಂಡ್ ವೆಸನ್ ರಿವಾಲ್ವರುಗಳಲ್ಲಿ ಸಾಮಾನ್ಯವಾಗಿ ಐದು ತೋಡುಗಳು. ಒಂದು ತೋಡಿನ ಎದುರಿಗೆ ತೋಡಿಲ್ಲ, ಏಣು ಬರುತ್ತದೆ. ಹಾಗಿದ್ದರೆ ಎರಡು ತೋಡುಗಳ ನಡುವಿನ ವ್ಯಾಸವನ್ನು ಸ್ಕ್ರೂಗೇಜಿನ ಎರಡು ದವಡೆಗಳಿಂದ ನೇರವಾಗಿ ಅಳೆಯುವುದು ಹೇಗೆ? ರೇಖಾಗಣಿತದ ಪುಸ್ತಕ ತೆಗೆದು ಯೋಚಿಸಿ.

ನಮ್ಮಲ್ಲಿ ಇದನ್ನು ಮನೆಯಲ್ಲಿ ಮಾಡಿನೋಡುವ ಮಾತೇ ಇಲ್ಲ. 1959ರ ಆಯುಧ ಕಾಯಿದೆಯ ಪ್ರಕಾರ ಪರವಾನಗಿಯಿಲ್ಲದೆ ಮದ್ದುಗುಂಡು ತಯಾರಿಸುವುದು ಅಪರಾಧ. ಆದರೆ ಈ ಅಳತೆಯ ವಿದ್ಯೆ ವಿಧಿವಿಜ್ಞಾನ ಪ್ರಯೋಗಾಲಯದಲ್ಲಿ ನಿತ್ಯದ ಕೆಲಸ. ಬಿಗಿಯಾಗಿ ಸಾಗಿದ ಗುಂಡಿನ ಮೈಮೇಲೆ ನಳಿಕೆಯ ಗೀರುಗಳು ಬೀಳುತ್ತವೆ, ಖಾಲಿ ಚಿಪ್ಪಿನ ಮೇಲೆ ಸೂಜಿಯ ಪೆಟ್ಟಿನ ಗುರುತು ಉಳಿಯುತ್ತದೆ. ಐದು ತೋಡು ಬಲಕ್ಕೆ ತಿರುಗಿದೆಯೋ, ಕೋಲ್ಟ್ ರಿವಾಲ್ವರಿನಂತೆ ಆರು ತೋಡು ಎಡಕ್ಕೆ ತಿರುಗಿದೆಯೋ ಎಂಬುದೇ ಆಯುಧದ ಜಾತಿ ಹೇಳೀತು. 2015ರಲ್ಲಿ ಧಾರವಾಡದಲ್ಲಿ ಎಂ. ಎಂ. ಕಲಬುರ್ಗಿ, 2017ರಲ್ಲಿ ಬೆಂಗಳೂರಿನಲ್ಲಿ ಗೌರಿ ಲಂಕೇಶ್ ಹತ್ಯೆಗಳಾದವು. ಎರಡರಲ್ಲೂ ಬಳಕೆಯಾದದ್ದು ಒಂದೇ 7.65 ಮಿ.ಮೀ. ನಾಡ ಪಿಸ್ತೂಲು ಎಂದು ವಿಧಿವಿಜ್ಞಾನದ ಹೋಲಿಕೆ ತಿಳಿಸಿತು. ಎರಡೂವರೆ ನೂರು ಮೈಲಿಯ ದೂರ, ಎರಡು ವರ್ಷಗಳ ಅಂತರ. ಜೋಡಿಸಿದ್ದು ಕೂದಲೆಳೆಯಷ್ಟು ಸಣ್ಣ ಗುರುತುಗಳು. ಅಂದಹಾಗೆ, ಆ ‘7.65’ರ ಗುಂಡನ್ನು ಅಳೆದರೂ ಸಿಗುವುದು ಸುಮಾರು 7.9 ಮಿ.ಮೀ.!

ಸ್ಕ್ರೂಗೇಜಿನ ಪ್ರಯೋಗದಲ್ಲಿ ಶೂನ್ಯ ದೋಷ ನೋಡದೆ, ಪಕ್ಕದವರ ಪುಸ್ತಕದಿಂದ ಉತ್ತರ ಇಳಿಸಿಕೊಳ್ಳುವ ಮಕ್ಕಳಿಗೆ ಅಂಕವೇನೋ ಬಂದೀತು. ಆದರೆ ನಾಳೆ ನ್ಯಾಯಾಲಯದಲ್ಲಿ ಸಾಕ್ಷಿ ನುಡಿಯಬೇಕಾದವರು, ಯಂತ್ರದ ಬೇರಿಂಗ್ ಕೂರಿಸಬೇಕಾದವರು ಅವರೇ. ಪಾಲಕರು ‘ಎಷ್ಟು ಅಂಕ?’ ಎಂದು ಕೇಳುವ ಮೊದಲು ಒಮ್ಮೆ ‘ನೀನೇ ಅಳೆದೆಯಾ?’ ಎಂದು ಕೇಳಲಿ.