ಉತ್ತರದ ಭಿಕ್ಷೆ ಬೇಡ

ಹೋಂವರ್ಕ್ ಅನ್ನುವ ಪದದಲ್ಲೇ ಒಂದು ಮೋಸವಿದೆ. ಮನೆಯಲ್ಲಿ ಮೇಜಿದೆ, ದೀಪವಿದೆ, ಇಂಗ್ಲಿಷ್ ಓದಿದ ಅಪ್ಪನೋ ಅಮ್ಮನೋ ಇದ್ದಾರೆ ಅಂತ ಮೊದಲೇ ತೀರ್ಮಾನ ಮಾಡಿಕೊಂಡವರ ಪದ ಅದು. ಜಯಲಕ್ಷ್ಮಿಪುರಂನ ಬಂಗಲೆಗಳಿಗೆ ಈ ಲೆಕ್ಕ ಸರಿ. ಮಗು ತಡವರಿಸಿದರೆ ಅಪ್ಪ ಹೇಳಿಕೊಡುತ್ತಾನೆ, ಅವನಿಗೆ ಪುರುಸೊತ್ತಿಲ್ಲದಿದ್ದರೆ ಟ್ಯೂಷನ್ ಮೇಷ್ಟ್ರು ಬರುತ್ತಾರೆ. ಪಕ್ಕದ ಪಡುವಾರಹಳ್ಳಿಯಿಂದ ಬಂದು ಆ ಬಂಗಲೆಗಳ ಪಾತ್ರೆ ತಿಕ್ಕುವ ಅವ್ವನ ಮಗಳು ಯಾರನ್ನು ಕೇಳಬೇಕು? ಮಾರನೆ ದಿನ ಅವಳನ್ನು ಬೆಂಚಿನ ಮೇಲೆ ನಿಲ್ಲಿಸುತ್ತಾರೆ. ಅವಳ ಜೊತೆಗೆ ಅಕ್ಷರ ಕಾಣದ ಅವಳ ಅವ್ವ, ಅಜ್ಜಿಯನ್ನೂ ನಿಲ್ಲಿಸಿದ ಹಾಗೆ.

ಇಂಗ್ಲಿಷ್ ಯಾಕಪ್ಪ ನಿಮಗೆ, ಕನ್ನಡ ಸಾಲದಾ ಅನ್ನುವವರಿದ್ದಾರೆ. 1973ರ ನವೆಂಬರಿನಲ್ಲಿ ಇದೇ ಮೈಸೂರಿನಲ್ಲಿ ಮಂತ್ರಿ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸಾ ಅಂದರು. ಅದಕ್ಕೆ ಬೀದಿಗಿಳಿದವರು ಅವರ ರಾಜೀನಾಮೆ ಪಡೆದರು, ದಲಿತ ಹುಡುಗರ ಮೇಲೂ ಕೈ ಮಾಡಿದರು. ಅಂದು ಕನ್ನಡಾಭಿಮಾನ ಉಕ್ಕಿಸಿದ ಎಷ್ಟು ಮನೆಗಳ ಮಕ್ಕಳು ಕಾನ್ವೆಂಟು ಬಿಟ್ಟರು? ಸರ್ಕಾರಿ ಶಾಲೆಯ ಒಂದನೇ ತರಗತಿಗೆ ಇಂಗ್ಲಿಷ್ ಒಂದು ವಿಷಯವಾಗಿ ಬಂದದ್ದು 2007ರಲ್ಲಿ. ಅಷ್ಟು ಹೊತ್ತಿಗೆ ನಮ್ಮ ಒಂದು ತಲೆಮಾರು ಕಳೆದುಹೋಗಿತ್ತು.

ಇನ್ನು ಸಮಾಜ ಪಾಠ. ಸಂವಿಧಾನದ 17ನೇ ವಿಧಿ ಏನು ಹೇಳುತ್ತದೆ? ಅಸ್ಪೃಶ್ಯತೆ ರದ್ದಾಗಿದೆ ಅಂತ ಗೈಡು ನೋಡಿ ಬರೆದರೆ ಎರಡು ಮಾರ್ಕು. ನಮ್ಮವ್ವನಿಗೆ ಇನ್ನೂ ಬೇರೆ ಲೋಟದಲ್ಲೇ ಕಾಫಿ ಕೊಡ್ತಾರೆ ಅಂತ ಬರೆದರೆ? 2022ರಲ್ಲಿ 9ನೇ ತರಗತಿಯ ಸಮಾಜ ವಿಜ್ಞಾನ ಪುಸ್ತಕದಿಂದ ಅಂಬೇಡ್ಕರ್ 'ಸಂವಿಧಾನ ಶಿಲ್ಪಿ' ಎಂಬ ಮಾತೇ ಮಾಯವಾಯಿತು. ಜನ ಕೂಗೆಬ್ಬಿಸಿದ ಮೇಲೆ ಸರ್ಕಾರ ಅದನ್ನು ಸೇರಿಸಲು ಒಪ್ಪಿತು. ಅದೇ ವರ್ಷ ದೇವನೂರ ಮಹಾದೇವ ತಮ್ಮ ಬರಹ ಪಾಠವಾಗಲು ಕೊಟ್ಟಿದ್ದ ಒಪ್ಪಿಗೆಯನ್ನು ಹಿಂತೆಗೆದುಕೊಂಡರು. ಪುಸ್ತಕವನ್ನು ಪ್ರಶ್ನಿಸದೆ ಬರೀ ಉತ್ತರ ಬರೆಸುವವರು ಮಕ್ಕಳ ಕೈಲಿ ಸುಳ್ಳನ್ನೂ ಉರು ಹೊಡೆಸುತ್ತಾರೆ.

ದಯೆ ತೋರಿಸಲು ಬರುವ ದೊಡ್ಡವರೇ, ನೀವು ಹೇಳಿ ಬರೆಸುವ ಉತ್ತರ ನಮಗೆ ಬೇಡ. ಇವತ್ತು ಬರೆಸಿಕೊಂಡರೆ ನಾಳೆ ಮತ್ತೆ ನಿಮ್ಮ ಬಾಗಿಲಿಗೇ ಬರಬೇಕು. ಸಂಜೆ ಸರ್ಕಾರಿ ಶಾಲೆಯ ಬಾಗಿಲು ತೆರೆದಿರಲಿ. ದೀಪ ಉರಿಯಲಿ. ಆ ಹೊತ್ತಿಗೂ ಸಂಬಳ ಕೊಟ್ಟು ಒಬ್ಬ ಮೇಷ್ಟ್ರನ್ನು ಕೂರಿಸಲಿ. ಇದನ್ನು ನಾವು ಹಕ್ಕು ಅಂತ ಕೇಳ್ತಿದ್ದೇವೆ.

ನಮ್ಮವರಿಗೂ ಒಂದು ಮಾತು. ಹಾಸ್ಟೆಲ್ಲಿನಲ್ಲಿ ಉಂಡು, ಸ್ಕಾಲರ್‌ಶಿಪ್ಪಿನಲ್ಲಿ ಓದಿ, ಮಾನಸಗಂಗೋತ್ರಿಯಲ್ಲಿ ಡಿಗ್ರಿ ಪಡೆದು ಜಯಲಕ್ಷ್ಮಿಪುರಂನಲ್ಲೇ ಮನೆ ಮಾಡಿಕೊಂಡ ಅಣ್ಣಂದಿರೇ, ಅಕ್ಕಂದಿರೇ, ಪಡುವಾರಹಳ್ಳಿಗೆ ಬಸ್ಸೇನೂ ಹತ್ತಬೇಕಾಗಿಲ್ಲ. ವಾರಕ್ಕೆರಡು ಸಂಜೆ ನಡೆದು ಹೋಗಿ ಕೂತ್ಕೊಳ್ಳಿ. ಡಿಕ್ಷನರಿ ತಿರುವೋದು ಕಲಿಸಿ. 17ನೇ ವಿಧಿಯನ್ನು ಓದಿಸಿ, ಆಮೇಲೆ ಬೀದಿ ಕಡೆ ಕೈ ತೋರಿಸಿ 'ಇದು ನಿಜವಾ?' ಅಂತ ಕೇಳಿ. ಆ ಮಗು ಬರೆಯೋ ಉತ್ತರಕ್ಕೆ ಮಾರ್ಕು ಕೊಡೋ ಧೈರ್ಯ ಯಾರಿಗಿದೆಯೋ ನೋಡೋಣ.