ಹಳೆಯ ಬೈಕೂ ನಮ್ಮ ಈಮಾನೂ

ಹೊಗೆಯುಗುಳುವ ಎಂಜಿನ್ನಿಗೆ ದಪ್ಪ ಆಯಿಲ್ ಸುರಿದು, ಓಡೋಮೀಟರನ್ನು ಹಿಂದಕ್ಕೆ ತಿರುಗಿಸಿ ಬೈಕು ಮಾರುವುದನ್ನು ನಮ್ಮ ಬೆಂಗೇರಿಯಲ್ಲಿ ಕೆಲವರು ಜಾಣತನವೆನ್ನುತ್ತಾರೆ. ಜುಮಾದ ಮೊದಲ ಸಾಲಿನಲ್ಲಿ ನಿಲ್ಲುವವರೂ ಇವರಲ್ಲಿದ್ದಾರೆ. ಪ್ರಶ್ನಿಸಿದರೆ, ‘ನೋಡಿ ಕೊಳ್ಳುವುದು ಅವನ ಹೊಣೆ’ ಎಂಬ ಉತ್ತರ ಸಿದ್ಧ.

ಇದು ಯಾವ ಶರೀಅತ್ತಿನ ಮಾತು? ಧಾನ್ಯದ ರಾಶಿಯೊಳಗೆ ಕೈಯಿಟ್ಟಾಗ ತೇವ ತಗುಲಿದ್ದಕ್ಕೆ ಪ್ರವಾದಿವರ್ಯರು(ಸ) ಪ್ರಶ್ನಿಸಿದ್ದು ವ್ಯಾಪಾರಿಯನ್ನು, ಗಿರಾಕಿಯನ್ನಲ್ಲ. ಮಳೆಗೆ ನೆನೆಯಿತೆಂಬ ಸಬೂಬು ನಡೆಯಲಿಲ್ಲ. ನೆನೆದದ್ದನ್ನು ಜನರಿಗೆ ಕಾಣುವಂತೆ ಮೇಲೇಕೆ ಇಡಲಿಲ್ಲವೆಂದು ಕೇಳಿದರು, ವಂಚಕನು ತಮ್ಮವನಲ್ಲವೆಂದರು. ಸಹೀಹ್ ಮುಸ್ಲಿಮ್‌ನ ಈ ಹದೀಸನ್ನು ಮಕ್ಕಳಿಗೆ ಬಾಯಿಪಾಠ ಮಾಡಿಸುತ್ತೇವೆ, ಸಂಜೆ ಬೈಕಿನ ಸೀಳಿದ ಚಾಸಿಸ್ಸಿಗೆ ಬಣ್ಣ ಬಳಿಯುತ್ತೇವೆ!

ಹಝ್ರತ್ ಜರೀರ್(ರ) ಅವರ ಸೇವಕನು 300 ದಿರ್ಹಮಿಗೆ ಕುದುರೆಯೊಂದನ್ನು ಕುದುರಿಸಿದ್ದನು. ಅದರ ಯೋಗ್ಯತೆ ಹೆಚ್ಚೆಂದು ಕಂಡ ಜರೀರರು ಬೆಲೆಯನ್ನು ತಾವೇ 800ಕ್ಕೆ ಏರಿಸಿದರು. ಕೊಳ್ಳುವವನೇ ಇಷ್ಟು ಪ್ರಾಮಾಣಿಕನಾಗಿದ್ದ ಪರಂಪರೆ ನಮ್ಮದು. ಎದುರಿನವನು ಹಿಂದೂವಾದರೆ ಈ ಹೊಣೆ ಸಡಿಲವಾಗುವುದಿಲ್ಲ.

ಇನ್ನು ಕಾಗದಪತ್ರ. 1988ರ ಮೋಟಾರು ವಾಹನ ಕಾಯ್ದೆಯ 50ನೆಯ ಕಲಮಿನಂತೆ, ರಾಜ್ಯದೊಳಗಿನ ಮಾರಾಟವನ್ನು 14 ದಿನಗಳಲ್ಲಿ ಆರ್‌ಟಿಓಗೆ ತಿಳಿಸುವುದು ಮಾರಿದವನ ಕರ್ತವ್ಯ. ದಾಖಲೆಯಲ್ಲಿ ಹೆಸರಿದ್ದವನೇ ಅಪಘಾತದ ಪರಿಹಾರಕ್ಕೆ ಹೊಣೆಯೆಂದು 2018ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

ಈಗಾಗಲೇ ದೋಷ ಮುಚ್ಚಿ ಮಾರಿದವರು ಬರೀ ತೌಬಾ ಮಾಡಿ ಕೂರಬಾರದು. ಫಿಕ್ಹ್ ಇದಕ್ಕೆ ಖಿಯಾರುಲ್ ಐಬ್ ಎನ್ನುತ್ತದೆ: ವಾಹನ ಹಿಂತಿರುಗಿಸಿ ಹಣ ಪಡೆಯುವ ಹಕ್ಕು ಕೊಂಡವನಿಗಿದೆ. ಅವನ ಮನೆಯ ಬಾಗಿಲು ನೀವೇ ತಟ್ಟಿರಿ.